ಗ್ರಾಂ ಪರೀಕ್ಷೆ: ಬಣ್ಣದಿಂದ ಬ್ಯಾಕ್ಟೀರಿಯಾ ಗುರುತು

ಡೆನ್ಮಾರ್ಕಿನ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ಅಂಗಾಂಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣುವಂತೆ ಮಾಡುವುದು ಬರ್ಲಿನ್‌ನಲ್ಲಿ ಅವರು ನಡೆಸಿದ ಈ ಸಂಶೋಧನೆಯ ಉದ್ದೇಶವಾಗಿತ್ತು.

ವಿಧಾನ
ಗಾಜಿನ ಸ್ಲೈಡಿನ ಮೇಲೆ ಕಫ ಅಥವಾ ಕೀವನ್ನು ತೆಳುವಾಗಿ ಸವರಿ ಒಣಗಿಸಿ, ಬಿಸಿ ತಾಗಿಸುತ್ತಾರೆ. ಅದರ ಮೇಲೆ ಕ್ರಿಸ್ಟಲ್ ವೈಲೆಟ್, ನಂತರ ಅಯೋಡಿನ್ ಹಾಕಿದಾಗ ಬ್ಯಾಕ್ಟೀರಿಯಾಗಳೆಲ್ಲ ನೇರಳೆಯಾಗುತ್ತವೆ. ಆಲ್ಕೋಹಾಲಿನಿಂದ ಕೆಲವೇ ಕ್ಷಣ ತೊಳೆದಾಗ ವ್ಯತ್ಯಾಸ ಹೊರಬೀಳುತ್ತದೆ. ಕೊನೆಗೆ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಹಾಕುತ್ತಾರೆ.

ಗ್ರಾಂ-ಪಾಸಿಟಿವ್: ನೇರಳೆ
ಇವುಗಳ ಕೋಶಭಿತ್ತಿಯಲ್ಲಿ ಪೆಪ್ಟಿಡೋಗ್ಲೈಕಾನ್ ಪದರ ದಪ್ಪವಾಗಿರುವುದರಿಂದ ನೇರಳೆ ಬಣ್ಣ ಒಳಗೇ ಉಳಿಯುತ್ತದೆ. ದ್ರಾಕ್ಷಿ ಗೊಂಚಲಿನಂತೆ ಕಾಣುವ, ಕುರು ಉಂಟುಮಾಡುವ ಸ್ಟೆಫೈಲೊಕಾಕಸ್ ಮತ್ತು ಜೋಡಿಯಾಗಿರುವ ನ್ಯುಮೊಕಾಕಸ್ ಈ ಗುಂಪಿನವು.

ಗ್ರಾಂ-ನೆಗೆಟಿವ್: ಗುಲಾಬಿ
ಇವುಗಳಲ್ಲಿ ಈ ಪದರ ತೆಳು. ಅದರ ಹೊರಗೆ ಕೊಬ್ಬಿನಂಶದ ಪೊರೆಯಿದೆ. ಆಲ್ಕೋಹಾಲ್ ಪೊರೆಯನ್ನು ಕರಗಿಸಿದಾಗ ನೇರಳೆ ಹೊರಹೋಗಿ, ಸ್ಯಾಫ್ರನಿನ್ ಹಿಡಿಯುತ್ತದೆ. ಟೈಫಾಯ್ಡ್ ಮತ್ತು ಕಾಲರಾ ರೋಗಾಣುಗಳು ಈ ಗುಂಪಿಗೆ ಸೇರುತ್ತವೆ.

ಚಿಕಿತ್ಸೆಯಲ್ಲಿ ಮಹತ್ವ
ಹೊರಪೊರೆ ಹಲವು ಔಷಧಿಗಳನ್ನು ತಡೆಯುವುದರಿಂದ, ಸೂಕ್ತ ಆ್ಯಂಟಿಬಯೋಟಿಕ್ ಆಯ್ಕೆಗೆ ಕೆಲವೇ ನಿಮಿಷಗಳ ಈ ಪರೀಕ್ಷೆ ನೆರವಾಗುತ್ತದೆ. ಮೇಣದಂಥ ಕೋಶಭಿತ್ತಿಯುಳ್ಳ ಕ್ಷಯದ ಬ್ಯಾಕ್ಟೀರಿಯಾಕ್ಕೆ ಮಾತ್ರ ಜೀಲ್-ನೀಲ್ಸನ್ ಎಂಬ ಬೇರೆ ವಿಧಾನ ಬೇಕು.