ಹೆಸರು ಹೇಳಿದ ವಿದ್ಯಾರ್ಥಿಗಳು

ಪಾಠಶಾಲೆಯಲ್ಲಿ ದಿನದ ಮೊದಲ ಕಾರ್ಯ ಹಾಜರಿ ತೆಗೆದುಕೊಳ್ಳುವುದು. ನಾವು ಹೆಸರು ಕೂಗುತ್ತೇವೆ. ಮಕ್ಕಳು ಎದ್ದು ನಿಂತು ಓಗೊಡುತ್ತಾರೆ. ಇದರಲ್ಲಿ ವಿಶೇಷವೇನೂ ಕಾಣದು. ಆದರೆ ತನ್ನ ಹೆಸರನ್ನೂ ನೆಲೆಯನ್ನೂ ನಾಲ್ವರೆದುರು ಹೇಳಿಕೊಳ್ಳುವುದೇ ಅಪಾಯವೆನಿಸಿದ ಮಕ್ಕಳೂ ಲೋಕದಲ್ಲುಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಂತಹ ವಿದ್ಯಾರ್ಥಿಗಳು ಸಂಘ ಕಟ್ಟಿ ಹಕ್ಕಿಗಾಗಿ ಹೋರಾಡಿದ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಹೊಟ್ಟೆಪಾಡಿಗಾಗಿ ಅಪ್ಪಣೆಯಿಲ್ಲದೆ ಗಡಿ ದಾಟಿದವರೂ, ವೀಸಾದ ಅವಧಿ ತೀರಿದ ಮೇಲೂ ಉಳಿದವರೂ ಆ ದೇಶದಲ್ಲಿ ಲಕ್ಷಗಟ್ಟಲೆ ಇರುವರು. ಅವರ ಕಂಕುಳಲ್ಲಿ ಬಂದ ಕೂಸುಗಳು ಅಲ್ಲಿಯೇ ಮಾತು ಕಲಿತು ಬೆಳೆದವು. 1975ರಲ್ಲಿ ಟೆಕ್ಸಾಸ್ ಸಂಸ್ಥಾನವು ಇಂತಹ ಮಕ್ಕಳ ವಿದ್ಯಾಭ್ಯಾಸಕ್ಕೆ ಸರಕಾರದ ಹಣ ಸಲ್ಲದೆಂದು ಕಾನೂನು ಮಾಡಿತು. 1977ರಲ್ಲಿ ಟೈಲರ್ ಎಂಬ ಊರಿನ ಶಾಲಾ ಮಂಡಲಿಯು ಮಗುವೊಂದಕ್ಕೆ ವರ್ಷಕ್ಕೆ 1000 ಡಾಲರು ಶುಲ್ಕ ವಿಧಿಸಿತು. ಕೂಲಿಯವರು ಇಷ್ಟು ಹಣವನ್ನು ಎಲ್ಲಿಂದ ತಂದಾರು? ನಾಲ್ಕು ಕುಟುಂಬಗಳು ನ್ಯಾಯಾಲಯದ ಮೆಟ್ಟಿಲೇರಿದವು. ಅವರು ಜನರ ಕಣ್ಣಿಗೆ ಬೀಳಬಾರದೆಂದು ನ್ಯಾಯಾಧೀಶರು ಬೆಳಗಿನ ಆರು ಗಂಟೆಗೇ ವಿಚಾರಣೆ ನಡೆಸಿದರು. ಹೆಸರು ಮರೆಸಿದ ಕಕ್ಷಿದಾರರನ್ನು ಅಲ್ಲಿ 'ಡೋ' ಎಂದು ಬರೆಯುವ ವಾಡಿಕೆಯುಂಟು. ಮೊಕದ್ದಮೆಯು 'ಪ್ಲೈಲರ್ ವಿರುದ್ಧ ಡೋ' ಎಂದೇ ಪ್ರಸಿದ್ಧವಾಯಿತು. ಪ್ಲೈಲರ್ ಎಂಬುದು ಶಾಲಾ ಮಂಡಲಿಯ ಅಧಿಕಾರಿಯ ಹೆಸರು. ಮಕ್ಕಳಿಗೆ ಮಾತ್ರ ಹೆಸರಿರಲಿಲ್ಲ.

1982ರ ಜೂನ್ 15ರಂದು ಸರ್ವೋಚ್ಚ ನ್ಯಾಯಾಲಯವು ಐವರ ವಿರುದ್ಧ ನಾಲ್ವರಿಲ್ಲದೆ, ನಾಲ್ವರ ವಿರುದ್ಧ ಐವರ ಮತದಿಂದ ಆ ಕಾನೂನನ್ನು ತಳ್ಳಿಹಾಕಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಬ್ರೆನ್ನನ್. ಅಮೆರಿಕದ ಸಂವಿಧಾನದ 14ನೆಯ ತಿದ್ದುಪಡಿಯು ಕಾನೂನಿನ ಸಮಾನ ರಕ್ಷಣೆಯನ್ನು 'ಪ್ರಜೆ'ಗಲ್ಲ, 'ವ್ಯಕ್ತಿ'ಗೆ ಕೊಟ್ಟಿದೆ. ನಮ್ಮ ಸಂವಿಧಾನದ 14ನೆಯ ವಿಧಿಯೂ ಹೀಗೆಯೇ ಇರುವುದನ್ನು ಉಪಾಧ್ಯಾಯ ಬಂಧುಗಳು ಬಲ್ಲರು. ಹೆತ್ತವರ ನಡತೆಗಾಗಿ ಮಕ್ಕಳನ್ನು ದಂಡಿಸುವುದು ನ್ಯಾಯವಲ್ಲವೆಂಬುದು ತೀರ್ಪಿನ ತಿರುಳು.

ಹೀಗೆ ಶಾಲೆಯ ಬಾಗಿಲು ತೆರೆಯಿತು. ಆದರೆ ಹನ್ನೆರಡನೆಯ ತರಗತಿ ಮುಗಿದೊಡನೆ ಮುಂದಿನ ಬಾಗಿಲು ಮುಚ್ಚಿಯೇ ಇತ್ತು. ಉದ್ಯೋಗ ಮಾಡಲು ಅನುಮತಿಯಿಲ್ಲ, ಕೇಂದ್ರ ಸರಕಾರದ ವಿದ್ಯಾರ್ಥಿ ಸಹಾಯಧನವಿಲ್ಲ. ಯಾವ ದಿನ ಬೇಕಾದರೂ ಗಡೀಪಾರಾಗಬಹುದು. 2001ರಲ್ಲಿ ಹ್ಯಾಚ್ ಮತ್ತು ಡರ್ಬಿನ್ ಎಂಬ ಸೆನೆಟ್ ಸದಸ್ಯರು, ತಮ್ಮ ಪಕ್ಷಗಳು ಬೇರೆಯಾದರೂ ಒಂದುಗೂಡಿ, ಇಂತಹ ತರುಣರಿಗೆ ಕಾಯಂ ನೆಲೆ ಕೊಡುವ ಮಸೂದೆಯನ್ನು ತಂದರು. ಅದರ ಹೆಸರಿನ ಮೊದಲಕ್ಷರಗಳು ಕೂಡಿ 'ಡ್ರೀಮ್', ಎಂದರೆ ಕನಸು, ಎಂದಾಯಿತು. ವರ್ಷಗಳುರುಳಿದರೂ ಮಸೂದೆ ಕನಸಾಗಿಯೇ ಉಳಿಯಿತು.

ಆಗ ವಿದ್ಯಾರ್ಥಿಗಳು ತಾವೇ ಮುಂದೆ ಬಂದರು. ಊರೂರಿನ ಸಂಘಗಳು ಕೂಡಿ 2008ರ ಸುಮಾರಿಗೆ 'ಯುನೈಟೆಡ್ ವಿ ಡ್ರೀಮ್' ಎಂಬ ಒಕ್ಕೂಟವು ರೂಪುಗೊಂಡಿತು. 2010ರ ಜನವರಿ 1ರಂದು ನಾಲ್ವರು ವಿದ್ಯಾರ್ಥಿಗಳು ಮಯಾಮಿ ನಗರದಿಂದ ರಾಜಧಾನಿ ವಾಷಿಂಗ್ಟನ್ನಿಗೆ ಕಾಲ್ನಡೆಯಲ್ಲಿ ಹೊರಟರು. ದಾರಿ ಸುಮಾರು 1500 ಮೈಲಿ; ಹಿಡಿದ ಕಾಲ ನಾಲ್ಕು ತಿಂಗಳು. ಅವರಲ್ಲಿ ಮೂವರಿಗೆ ಕಾಗದಪತ್ರವಿರಲಿಲ್ಲ. 1930ರ ದಂಡಿ ಯಾತ್ರೆಯನ್ನು ಪಾಠ ಹೇಳುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಮಾರ್ಚ್ 10ರಂದು ಚಿಕಾಗೋ ನಗರದ ಬಯಲಿನಲ್ಲಿ ಒಬ್ಬೊಬ್ಬರಾಗಿ ನಿಂತು, ತಮಗೆ ಕಾಗದವಿಲ್ಲ, ಆದರೆ ಭಯವೂ ಇಲ್ಲವೆಂದು ಹೆಸರು ಹೇಳಿ ಸಾರಿದರು. 'ಡೋ' ಎಂಬ ಮರೆಯಲ್ಲಿ ಆರಂಭವಾದ ಕಥೆ ಇಲ್ಲಿ ಬಯಲಿಗೆ ಬಂದಿತು.

ಫಲವು ಒಮ್ಮೆಗೇ ಕೈಗೂಡಲಿಲ್ಲ. 2010ರ ಡಿಸೆಂಬರಿನಲ್ಲಿ ಮಸೂದೆಯು ಕೆಳಮನೆಯನ್ನು ದಾಟಿತು. ಸೆನೆಟ್ಟಿನಲ್ಲಿ 60 ಮತ ಬೇಕಿದ್ದಲ್ಲಿ 55 ಮಾತ್ರ ದೊರೆತವು. ವಿದ್ಯಾರ್ಥಿಗಳು ಹಿಂಜರಿಯದೆ ಅಧ್ಯಕ್ಷರನ್ನೇ ಒತ್ತಾಯಿಸಿದರು. 2012ರ ಜೂನ್ 15ರಂದು, ಪ್ಲೈಲರ್ ತೀರ್ಪಿಗೆ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ, ಅಧ್ಯಕ್ಷ ಒಬಾಮಾ 'ಡಾಕಾ' ಯೋಜನೆಯನ್ನು ಪ್ರಕಟಿಸಿದರು. ಹದಿನಾರು ತುಂಬುವ ಮುನ್ನ ಬಂದು, ಓದಿ, ಇತರ ನಿಬಂಧನೆಗಳನ್ನು ಪೂರೈಸಿದವರಿಗೆ ಎರಡೆರಡು ವರ್ಷ ಗಡೀಪಾರಿನಿಂದ ರಕ್ಷಣೆ, ದುಡಿಯಲು ಅನುಮತಿ. ಎಂಟು ಲಕ್ಷಕ್ಕೂ ಮಿಕ್ಕಿದವರು ಪ್ರಯೋಜನ ಪಡೆದರು. 2017ರಲ್ಲಿ ಮುಂದಿನ ಸರಕಾರವು ಇದನ್ನು ನಿಲ್ಲಿಸಹೊರಟಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯಿತು. 2021ರಲ್ಲಿ ಟೆಕ್ಸಾಸಿನ ನ್ಯಾಯಾಲಯವೊಂದು ಹೊಸ ಅರ್ಜಿಗಳ ಮಂಜೂರಾತಿಯನ್ನು ನಿಲ್ಲಿಸಿತು.

ಕ್ರಮವಾಗಿ ಅರ್ಜಿ ಹಾಕಿ ಕಾದಿರುವವರ ಗತಿಯೇನೆಂದು ವಿರೋಧಿಗಳು ಕೇಳುವರು. ಪ್ರಶ್ನೆ ಕಡೆಗಣಿಸತಕ್ಕದ್ದಲ್ಲ. ಕಾನೂನಿಗನುಸಾರವಾಗಿ ಬಂದ ಉದ್ಯೋಗಿಗಳ ಮಕ್ಕಳಿಗೂ 21 ವರ್ಷ ತುಂಬಿದೊಡನೆ ತಂದೆತಾಯಿಗಳ ವೀಸಾದ ಆಸರೆ ತಪ್ಪುತ್ತದೆ. ಇವರಲ್ಲಿ ಭಾರತೀಯರೇ ಬಹಳ ಮಂದಿ. ಇವರಿಗೆ ಡಾಕಾ ಅನ್ವಯಿಸಲಿಲ್ಲ. ಇವರೂ 'ಇಂಪ್ರೂವ್ ದ ಡ್ರೀಮ್' ಎಂಬ ಸಂಘ ಕಟ್ಟಿ ಶಾಸನಸಭೆಯ ಬಾಗಿಲು ತಟ್ಟಿರುವರು. ಸಾಲಿನಲ್ಲಿ ನಿಂತವರ ಮಕ್ಕಳೂ ಸಾಲಿಲ್ಲದವರ ಮಕ್ಕಳೂ ಕೇಳುವುದು ಒಂದನ್ನೇ: ಬೆಳೆದ ನೆಲದಲ್ಲಿ ಬಾಳಲು ಅವಕಾಶ.

ಇನ್ನೊಂದು ಮಾತು. ಮಕ್ಕಳು ನಿರಪರಾಧಿಗಳೆಂಬ ವಾದವೇ ಅವರಿಗೆ ಗೆಲವು ತಂದಿತ್ತು. ಆದರೆ ಆ ವಾದ ಹೆತ್ತವರನ್ನು ಅಪರಾಧಿಗಳನ್ನಾಗಿ ಮಾಡುವುದೆಂದು ಅನೇಕ ವಿದ್ಯಾರ್ಥಿಗಳು ಕಂಡುಕೊಂಡರು. ತಮಗೆ ರಕ್ಷಣೆ ದೊರೆತ ಮೇಲೂ ಅವರು ಸುಮ್ಮನಾಗದೆ ತಂದೆತಾಯಿಗಳ ಪರವಾಗಿ ನಿಂತರು. 2014ರಲ್ಲಿ ಹೆತ್ತವರಿಗಾಗಿಯೂ ಒಂದು ಯೋಜನೆ ಪ್ರಕಟವಾಯಿತು. ನ್ಯಾಯಾಲಯದ ತಡೆಯಿಂದ ಅದು ಜಾರಿಗೆ ಬರಲಿಲ್ಲ. ಸೋತ ಈ ಹೋರಾಟವೇ ನಮಗೆ ಎಲ್ಲಕ್ಕಿಂತ ಹಿರಿದಾಗಿ ತೋರುವುದು. ತಾನು ದಡ ಸೇರಿದ ಮೇಲೆ ದೋಣಿಯನ್ನು ಮರೆಯದವನೇ ಓದಿದವನು.

ನಾಳೆ ಹಾಜರಿ ಕೂಗುವಾಗ, ನಿರ್ಭಯವಾಗಿ ಓಗೊಡುವ ಪ್ರತಿಯೊಂದು ದನಿಯ ಬೆಲೆಯನ್ನು ನಾವು ನೆನೆಯೋಣ. ವಿದ್ಯಾರ್ಥಿಗಳೂ ನೆನೆಯಲಿ.