ಚುಕ್ಕೆ-ಕಡತಗಳ ಪಾಠಪರಂಪರೆ

ಗಣಕಯಂತ್ರದಲ್ಲಿ ಕೆಲಸಮಾಡುವವನು ತನಗೆ ಒಗ್ಗುವ ಬಣ್ಣ, ಕೀಲಿಗಳ ಕ್ರಮ, ಆಜ್ಞೆಗಳ ಸಂಕ್ಷೇಪ ಮೊದಲಾದುವನ್ನು ಸಣ್ಣ ಕಡತಗಳಲ್ಲಿ ಬರೆದಿಡುವುದುಂಟು. ಮನೆಯಲ್ಲೊಂದು, ಕಚೇರಿಯಲ್ಲೊಂದು ಯಂತ್ರವಾದೊಡನೆ ಆ ಕಡತಕ್ಕೆ ಎರಡು ಪ್ರತಿಗಳಾಗುತ್ತವೆ. ಒಂದರ ತಿದ್ದುಪಡಿ ಮತ್ತೊಂದರಲ್ಲಿಲ್ಲದೆ ಪಾಠಾಂತರಗಳು ಹುಟ್ಟುತ್ತವೆ. ಓಲೆಗರಿಯ ಗ್ರಂಥಗಳನ್ನು ಪರಿಷ್ಕರಿಸುವವರಿಗೆ ಪರಿಚಿತವಾದ ಈ ತೊಡಕನ್ನು ಗಣಕಜ್ಞರು ಎದುರಿಸಿದ ಬಗೆ ವಿಚಾರಾರ್ಹವಾಗಿದೆ.

ಈ ಕಡತಗಳಿಗೆ ಚುಕ್ಕೆಯ ಹೆಸರು ಬಂದುದು ಯೂನಿಕ್ಸ್ ವ್ಯವಸ್ಥೆಯಿಂದ. ಇದನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದರು. ಅಲ್ಲಿ ಕಡತಗಳ ಪ್ರತಿಯೊಂದು ಕೋಶವನ್ನೂ ಒಂದು ಚುಕ್ಕೆಯೂ, ಅದರ ಮೇಲಿನ ಕೋಶವನ್ನು ಎರಡು ಚುಕ್ಕೆಗಳೂ ಸೂಚಿಸುತ್ತವೆ. ಪಟ್ಟಿಯಲ್ಲಿ ಇವೆರಡು ಕಾಣದಿರಲೆಂದು, ಮೊದಲ ಅಕ್ಷರ ಚುಕ್ಕೆಯಾದ ಹೆಸರನ್ನು ಬಿಟ್ಟುಬಿಡುವಂತೆ ವಿಧಿಸಲಾಯಿತು. ಅದರಿಂದ ಚುಕ್ಕೆ ಮೊದಲಾದ ಹೆಸರುಗಳೆಲ್ಲ ಮರೆಯಾದುವು. ಇದು ಉದ್ದೇಶಪೂರ್ವಕವಾದ ಸೌಕರ್ಯವಲ್ಲವೆಂದು ಅದೇ ಪ್ರಯೋಗಾಲಯದಲ್ಲಿದ್ದ ರಾಬ್ ಪೈಕ್ 2012ರಲ್ಲಿ ವಿವರಿಸಿದರು. ಇಂಥ ಹಲವು ಹೆಸರುಗಳ ಕೊನೆಯ 'ಆರ್‌ಸಿ' ಇನ್ನೂ ಪ್ರಾಚೀನವಾದುದು. ಅದು 1960ರ ದಶಕದಲ್ಲಿ ಎಂ.ಐ.ಟಿ.ಯ ಸಿ.ಟಿ.ಎಸ್.ಎಸ್. ವ್ಯವಸ್ಥೆಯಲ್ಲಿದ್ದ 'ರನ್‌ಕಾಮ್' ಶಬ್ದದ ಅವಶೇಷ.

ಪ್ರತಿಭೇದಕ್ಕೆ ಎರಡು ಪರಿಹಾರಗಳು ಬೇರೆಬೇರೆಯಾಗಿ ಬೆಳೆದುವು. ಮೊದಲನೆಯದು ಕೊಂಡಿ. 1983ರ 4.2 ಬಿ.ಎಸ್.ಡಿ. ಯೂನಿಕ್ಸಿನಲ್ಲಿ, ಒಂದು ಹೆಸರು ಬೇರೆಡೆಯ ಕಡತವನ್ನು ತೋರಿಸುವ ಸಾಂಕೇತಿಕ ಕೊಂಡಿ ಒದಗಿತು. ತಂತ್ರಾಂಶಗಳ ಸ್ಥಾಪನೆಗೆಂದು 1993ರಲ್ಲಿ ರಚಿತವಾದ 'ಸ್ಟೋ' ಎಂಬ ಸಾಧನವನ್ನು ಜನರು ತರುವಾಯ ಈ ಕೆಲಸಕ್ಕೂ ಬಳಸಿದರು: ಮೂಲಪ್ರತಿಗಳೆಲ್ಲ ಒಂದೇ ಕೋಶದಲ್ಲಿ, ಉಳಿದೆಡೆ ಕೊಂಡಿಗಳು ಮಾತ್ರ. ಎರಡನೆಯದು ತಿದ್ದುಪಡಿಗಳ ಚರಿತ್ರೆ. ಮಾರ್ಕ್ ರಾಕ್‌ಕೈಂಡ್ 1972ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರಚಿಸಿದ ಎಸ್.ಸಿ.ಸಿ.ಎಸ್. ಇದಕ್ಕೆ ದಾರಿತೋರಿತು. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ 'ಗಿಟ್' ಆ ಚರಿತ್ರೆಯ ಪೂರ್ಣಪ್ರತಿಯನ್ನು ಪ್ರತಿ ಯಂತ್ರದಲ್ಲಿಯೂ ಇರಿಸಿತು. ಒಂದೇ ಪಂಕ್ತಿಯನ್ನು ಎರಡೆಡೆ ಭಿನ್ನವಾಗಿ ತಿದ್ದಿದ್ದರೆ ಗಿಟ್ ತಾನೇ ತೀರ್ಮಾನಿಸದೆ ಎರಡು ಪಾಠಗಳನ್ನೂ ಒಡೆಯನ ಮುಂದಿಡುತ್ತದೆ.

ಆದರೆ ಭೇದವೆಲ್ಲ ದೋಷವಲ್ಲ. ಕಚೇರಿಯ ಯಂತ್ರದಲ್ಲಿ ಅಂಚೆವಿಳಾಸ ಬೇರೆಯಿರಬೇಕಾದುದು ಸಹಜ. ಅಂಥ ಪಂಕ್ತಿಗಳನ್ನು ಪ್ರತ್ಯೇಕ ಸ್ಥಳೀಯ ಕಡತದಲ್ಲಿಟ್ಟು ಸಾಮಾನ್ಯಪಾಠವನ್ನು ಶುದ್ಧವಾಗಿಡುವುದು ವಾಡಿಕೆ. ಇನ್ನೊಂದು ಅಪಾಯವೂ ಉಂಟು. ಕಡತಗಳನ್ನು ಸಾರ್ವಜನಿಕವಾಗಿ ಪ್ರಕಟಿಸುವವರು ಗುಪ್ತಪದವೊಂದನ್ನು ಮರೆತು ಸೇರಿಸಿ ಬಳಿಕ ಅಳಿಸಿದರೂ, ಹಿಂದಿನ ಪಾಠದಲ್ಲಿ ಅದು ಉಳಿದೇ ಇರುತ್ತದೆ. ಆಗ ಆ ಗುಪ್ತಪದವನ್ನೇ ಬದಲಿಸುವುದು ಅನಿವಾರ್ಯ.

ಹೀಗೆ ಪ್ರತಿಗಳ ಹೋಲಿಕೆಯೂ ಚರಿತ್ರೆಯ ರಕ್ಷಣೆಯೂ ಯಂತ್ರಕ್ಕೆ ಸಾಧ್ಯವಾಗಿವೆ. ಯಾವ ಭೇದ ಪ್ರಮಾದ, ಯಾವುದು ಉಳಿಯತಕ್ಕದ್ದು ಎಂಬ ನಿರ್ಣಯವಾದರೋ ಗ್ರಂಥಸಂಪಾದನೆಯಲ್ಲಿರುವಂತೆ ಇಲ್ಲಿಯೂ ಮನುಷ್ಯನ ವಿವೇಚನೆಗೇ ಸೇರಿದೆ.