ತೊಗಟೆಯ ಕಲ್ಲುಹೂವು ಮತ್ತು ಕಾಡಿನ ವಯಸ್ಸು

ನಮ್ಮ ಮಸಾಲೆಪುಡಿಗೆ ಬೀಳುವ ಕಲ್ಲುಹೂವು, ಮುಂಬಯಿ-ಪುಣೆಗಳ ಅಂಗಡಿಯವರು ‘ದಗಡಫೂಲ್’ ಎಂದು ಕಟ್ಟಿಕೊಡುವ ವಸ್ತು, ಹೂವೂ ಅಲ್ಲ, ಕಲ್ಲಿನ ಮೇಲೆ ಮಾತ್ರ ಬೆಳೆಯುವುದೂ ಅಲ್ಲ. ಶಿಲೀಂಧ್ರವೂ ಪಾಚಿಯೂ ಒಂದೇ ಸಂಸಾರವಾಗಿ ಬಾಳುವ ಜೀವಿ ಅದು. ಮರದ ತೊಗಟೆಯೂ ಅದಕ್ಕೆ ಆಸರೆ. ಈ ವರ್ಗದ ಒಂದು ಅಪರೂಪದ ಬಗೆ ಯುರೋಪಿನ ಹಳೆಯ ಓಕ್, ಬೀಚ್, ಆಶ್ ಮರಗಳ ಕಾಡುಗಳಲ್ಲಿ ಅಲ್ಲಲ್ಲಿ ಉಳಿದುಕೊಂಡಿದೆ.

ಲೊಬೇರಿಯಾ ಪಲ್ಮೊನೇರಿಯಾ ಎಂದು ಅದರ ಶಾಸ್ತ್ರೀಯ ಹೆಸರು. ಅಗಲವಾದ ಎಲೆಯಂಥ ಹಾಳೆ, ಅದರ ಮೇಲೆಲ್ಲ ಏಣುಗಳು, ಕುಳಿಗಳು. ಮಳೆಗೆ ನೆನೆದರೆ ಹಚ್ಚಹಸುರು, ಒಣಗಿದರೆ ಕಂದು. ನೋಡಲು ಶ್ವಾಸಕೋಶದಂತಿರುವುದರಿಂದ ಹಿಂದಿನ ವೈದ್ಯರು ಇದನ್ನು ಎದೆಯ ಕಾಯಿಲೆಗೆ ಕೊಡುತ್ತಿದ್ದರು. ರೂಪ ಹೋಲಿದರೆ ಗುಣವೂ ಹೋಲೀತೆಂಬ ತರ್ಕ! ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಹೆಸರಿಟ್ಟಾಗಲೂ ಆ ಶ್ವಾಸಕೋಶ ಬಿಡಲಿಲ್ಲ.

ಎಲ್ಲ ಬಗೆಗಳೂ ಇಷ್ಟು ಸುಲಭವಾಗಿ ಗುರುತು ಸಿಗುವುದಿಲ್ಲ. ಭೂತಗನ್ನಡಿಗೂ ಅವಳಿಗಳಂತೆ ಕಾಣುವವು ಎಷ್ಟೋ ಇವೆ. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಫಿನ್ಲೆಂಡಿನ ನೈಲಾಂಡರ್ 1866ರಲ್ಲಿ ಒಂದು ಉಪಾಯ ತೋರಿಸಿದ. ಪೊಟ್ಯಾಶ್ ದ್ರಾವಣದ ಒಂದು ತೊಟ್ಟು, ಬ್ಲೀಚಿಂಗ್ ಪುಡಿಯ ನೀರಿನ ಒಂದು ತೊಟ್ಟು. ಬಣ್ಣ ಹೇಗೆ ತಿರುಗುತ್ತದೆಂಬುದನ್ನು ನೋಡಿ ಜಾತಿಯ ನಿರ್ಣಯ. ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅದೇ ವರ್ಷ ಅವನು ಆ ನಗರದ ಲುಕ್ಸಂಬೂರ್ ಉದ್ಯಾನದ ಮರಗಳ ಮೇಲೆ ಮೂವತ್ತಕ್ಕೂ ಹೆಚ್ಚು ಬಗೆಯ ಕಲ್ಲುಹೂವುಗಳನ್ನು ಕಂಡು, ಅಲ್ಲಿನ ಗಾಳಿ ಶುದ್ಧವಾಗಿದೆ ಎಂದು ಬರೆದ. 1896ರ ವೇಳೆಗೆ ಅವು ಅಲ್ಲಿಂದ ಮಾಯವಾಗಿದ್ದವು. ಕಲ್ಲಿದ್ದಲ ಹೊಗೆಯೊಳಗಿನ ಗಂಧಕ ಅವಕ್ಕೆ ವಿಷ. ಇಷ್ಟೆಲ್ಲ ಕಂಡ ಈ ಪಂಡಿತ, ಶಿಲೀಂಧ್ರ-ಪಾಚಿಗಳ ಕೂಡುಬಾಳ್ವೆಯ ಮಾತನ್ನು ಶ್ವೆಂಡನರ್ 1867ರಲ್ಲಿ ಎತ್ತಿದಾಗ ಮಾತ್ರ ಒಪ್ಪಲಿಲ್ಲ; 1899ರಲ್ಲಿ ಸಾಯುವ ತನಕವೂ ಒಪ್ಪಲಿಲ್ಲ. ವಿದ್ವಾಂಸರ ಹಟ ಎಲ್ಲ ಊರುಗಳಲ್ಲೂ ಒಂದೇ.

ಗುರುತಿಸುವ ಈ ವಿದ್ಯೆಯಿಂದ ಚರಿತ್ರೆಗೆ ಆದ ಲಾಭ ಇಂಗ್ಲೆಂಡಿನಲ್ಲಿ ಕಂಡುಬಂತು. ಒಂದು ಕಾಡು ಯಾರ ಸ್ವತ್ತು, ಅದರಿಂದ ಎಷ್ಟು ದಿಮ್ಮಿ ಬಂತು ಎಂಬುದನ್ನು ಹಳೆಯ ದಾಖಲೆಗಳು ಹೇಳುತ್ತವೆ. ನಡುವೆ ಅದನ್ನು ಪೂರಾ ಕಡಿದು ಮತ್ತೆ ಬೆಳೆಸಿದರೋ ಎಂಬುದನ್ನು ಎಷ್ಟೋ ಸಲ ಹೇಳುವುದಿಲ್ಲ. ಸಸ್ಯವಿಜ್ಞಾನಿ ಫ್ರಾನ್ಸಿಸ್ ರೋಸ್ ಆ ಪ್ರಶ್ನೆಯನ್ನು ತೊಗಟೆಗೆ ಕೇಳಿದರು. 1976ರಲ್ಲಿ ಅವರು ಹಳೆಯ ಕಾಡುಗಳಿಗೇ ಅಂಟಿಕೊಂಡಿರುವ 30 ಬಗೆಗಳ ಪಟ್ಟಿ ಕೊಟ್ಟರು. ಅವುಗಳಲ್ಲಿ 20 ಸಿಕ್ಕರೆ ಆ ಕಾಡಿಗೆ ನೂರಕ್ಕೆ ನೂರು ಅಂಕ, ಎಂದರೆ ಅಲ್ಲಿ ಮುದಿಮರಗಳ ಸಂತತಿ ಶತಮಾನಗಳಿಂದ ಕಡಿದುಹೋಗಿಲ್ಲ. ಲೊಬೇರಿಯಾ ಆ ಪಟ್ಟಿಯಲ್ಲಿದೆ. ಹನ್ನೊಂದನೆಯ ಶತಮಾನದಲ್ಲಿ ವಿಲಿಯಂ ದೊರೆ ಬೇಟೆಗೆಂದು ಕಾದಿರಿಸಿದ ನ್ಯೂ ಫಾರೆಸ್ಟಿನ ಹಳೆಯ ಮರಗಳ ಮೇಲೆ ಅದು ಇನ್ನೂ ಇದೆ.

ಬ್ರಿಟನ್ನಿನಲ್ಲಿ 1956ರ ಶುದ್ಧಗಾಳಿ ಕಾಯಿದೆಯ ನಂತರ ಹೊಗೆ ಇಳಿಯಿತು. ಕೆಲವು ಕಲ್ಲುಹೂವುಗಳು ಲಂಡನ್ನಿಗೂ ಮರಳಿದವು. ಲೊಬೇರಿಯಾಕ್ಕೆ ಅದು ಅಷ್ಟು ಸುಲಭವಲ್ಲ. ಅದು ಹೆಚ್ಚಾಗಿ ಹರಡುವುದು ತನ್ನ ಮೈಯಿಂದ ಉದುರುವ ಚೂರು, ಹುಡಿಗಳಿಂದ. ಅವು ಸಾಮಾನ್ಯವಾಗಿ ಪಕ್ಕದ ಮರಗಳನ್ನು ಮುಟ್ಟಿಯಾವು, ಹೊಲಗಳಾಚೆಯ ಇನ್ನೊಂದು ಕಾಡನ್ನು ಮುಟ್ಟುವುದು ಅಪರೂಪ.